ಹರಿಹರಪುರದ ಅಭಿನಂದನೆ

ಬಸ್ಸು ನಿಂತದ್ದು ಹರಿಹರಪುರದ ಚಹಾದಂಗಡಿಯೆದುರು. ಅಲ್ಲೊಂದು ಫ್ಲೆಕ್ಸು: ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ, ಈ ಸೀಮೆಯಲ್ಲೇ ತೆಗೆದ ಚಿತ್ರಕ್ಕೆ ಅಭಿನಂದನೆ. ನಾಯಕನಿಲ್ಲ, ನಿರ್ದೇಶಕನಿಲ್ಲ, ಮೀಸೆಯವನೊಬ್ಬನ ಮುಖ ಮಾತ್ರ.

"ನನ್ನ ತಮ್ಮ. ಬಸರೀಕಟ್ಟೇಲಿ ಜೀಪು ಬಿಡ್ತಿದ್ದ, ಸಿನಿಮಾದಲ್ಲೂ ಡ್ರೈವರ್ರೇ. ಹೋದ ವರ್ಷ ತೀರ್ಕೊಂಡ," ಎಂದ ಅಂಗಡಿಯ ಸುಂದರ.

ಆ ಉತ್ಸವದ ಘನ ತೀರ್ಪುಗಾರರಲ್ಲಿ ನಾನೂ ಒಬ್ಬನೆಂದು ಹೇಳಬಾರದಿತ್ತು, ಹೇಳಿದೆ.

"ಹೌದಾ ಮಾರಾಯ್ರೆ! ಅವ ಮಾತಾಡೋದು ಇನ್ನೊಂದ್ಸಲ ನೋಡ್ಬೇಕಂತ ಅಮ್ಮಂಗೆ ಆಸೆ. ನಮ್ಮತ್ರ ಒಂದು ವಿಡಿಯೋನೂ ಇಲ್ಲ. ಹೇಗೆ ಮಾಡಿದಾನೆ?"

ಚಿತ್ರದಲ್ಲಿ ಜೀಪೇ ಇರಲಿಲ್ಲ. ನಾವು ಪ್ರಶಸ್ತಿ ಕೊಟ್ಟದ್ದು ಸಂಕಲನಕ್ಕೆ. ಒಂದು ದೃಶ್ಯವೂ ಹೆಚ್ಚಾಗಿಲ್ಲವೆಂದು ಗಂಭೀರವಾಗಿ ಷರಾ ಬರೆದಿದ್ದೆವು.

ಅಲ್ಲಿಂದಲೇ ನಿರ್ದೇಶಕನಿಗೆ ಫೋನ್ ಮಾಡಿ, ಕತ್ತರಿಸಿದ ಭಾಗ ಸಿಗಬಹುದೇ ಎಂದು ಕೇಳಿದೆ.

"ಎಲ್ಲ ಅಳಿಸಿಬಿಟ್ವಿ ಸಾರ್. ಸಂಕಲನ ಮೆಚ್ಚಿದ್ದಕ್ಕೆ ಮತ್ತೊಮ್ಮೆ ಥ್ಯಾಂಕ್ಸ್."

ಸುಂದರನಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವನು ತೊಳೆದ ಲೋಟವನ್ನೇ ಮತ್ತೆ ತೊಳೆಯತೊಡಗಿದ.

ಒಳಗಿನಿಂದ ತಾಯಿ ಕೂಗಿದರು: "ಎಂತದಂತೆ ಸುಂದ್ರ? ಸಿನಿಮಾ ಇಲ್ಲಿಗೆ ಯಾವಾಗ ಬರ್ತದಂತೆ?"

"ತಡ ಉಂಟಂತೆ ಅಮ್ಮಾ. ಮೊದ್ಲು ಹೊರದೇಶದವ್ರಿಗೆಲ್ಲ ತೋರಿಸಿ ಮುಗೀಬೇಕಂತೆ."