ನರ್ಸಕ್ಕನ ಕುಟುಂಬದವರು

ಟೈಲರಮ್ಮನ ಬಾಯಿ ಅವಳ ಕತ್ತರಿಯಷ್ಟೇ ಚುರುಕು. ಆ ಬಾಯೇ ಕೋರ್ಟಿನಲ್ಲಿ ಅವಳಿಗೆ ಕೈಕೊಟ್ಟಿತು. ಕೂದಲು ಕಪ್ಪಿದ್ದಾಗ ನರ್ಸಕ್ಕನ ಬಾಡಿಗೆ ಮನೆಗೆ ಬಂದು ಸೇರಿದವಳು. ಇಬ್ಬರೂ ಒಂದೇ ಒಲೆಯಲ್ಲಿ ಬೇಯಿಸಿ, ಹೊತ್ತಿಗೊಂದು ಜಗಳವಾಡಿ, ಒಬ್ಬರ ಜ್ವರಕ್ಕೆ ಇನ್ನೊಬ್ಬರು ನಿದ್ದೆಗೆಟ್ಟು ಮುದುಕಿಯರಾದರು. ನರ್ಸಕ್ಕ ತೀರಿಕೊಂಡದ್ದೇ ಮಾಲೀಕ ಮನೆ ಬಿಡು ಎಂದ. ಬಾಡಿಗೆದಾರರು ಸತ್ತರೆ ಜೊತೆಗಿದ್ದ ‘ಕುಟುಂಬದವರು’ ಅಲ್ಲೇ ಇರಬಹುದು ಎಂದು ಕಾನೂನಿನಲ್ಲಿ ಒಂದು ಸಾಲಿತ್ತು. ಇನ್ನು ಅದೇ ಅವಳಿಗೆ ಗತಿ.

“ಸತ್ತವರು ನಿಮಗೇನಾಗಬೇಕು?” ಎಂದು ಮಾಲೀಕನ ವಕೀಲ ಕೇಳಿದ.

“ಗಿರಾಕಿ,” ಎಂದುಬಿಟ್ಟಳು ಪುಣ್ಯಾತ್ಗಿತ್ತಿ. ಮೊದಲ ಪರಿಚಯ ಹಾಗೇ ಆದದ್ದು, ಸುಳ್ಳು ಹೇಳಬಾರದಲ್ಲ! ರಕ್ತಸಂಬಂಧವಿಲ್ಲ, ಆದ್ದರಿಂದ ಕುಟುಂಬವಲ್ಲ ಎಂದು ತೀರ್ಪಾಯಿತು. ಅವಳು ಮನೆಗೆ ಬಂದು ನರ್ಸಕ್ಕನ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ ಮೂಲೆಗಿಟ್ಟಳು. ಕುಟುಂಬದವರು ಯಾರಾದರೂ ಬಂದರೆ ಒಯ್ಯಲಿ, ತಾನು ಮುಟ್ಟುವುದು ಬೇಡ.

ಅಪೀಲು ಹಾಕಿದಾಗ ಮೇಲಿನ ಕೋರ್ಟಿನ ನ್ಯಾಯಾಧೀಶೆ ಅದೇ ಸಾಲನ್ನು ಗಟ್ಟಿಯಾಗಿ ಓದಿದರು. ಒಂದಕ್ಷರ ಬದಲಾಗಿರಲಿಲ್ಲ. “ಒಟ್ಟಿಗೆ ಬಾಳಿದವರು ಬೀದಿಗೆ ಬೀಳಬಾರದು ಅಂತಲೇ ಇದನ್ನ ಬರೆದಿರೋದು. ಇವರೂ ಕುಟುಂಬದವರೇ,” ಎಂದರು. ಟೈಲರಮ್ಮ ಆ ಸಾಲನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು. ತಾನು ಹುಟ್ಟುವ ಮೊದಲೇ ಯಾರೋ ಬರೆದಿಟ್ಟ ಸಾಲು. ಅಂದು ಹೊಸ್ತಿಲಾಚೆ ನಿಲ್ಲಿಸಿತ್ತು, ಇಂದು ಕೈಹಿಡಿದು ಒಳಗೆ ಕರೆದಿತ್ತು.

ಮೆಟ್ಟಿಲಿಳಿಯುತ್ತ ತನ್ನ ವಕೀಲೆಯ ತೋಳು ಹಿಡಿದಳು. “ನಾನು ಮೊದಲಿಂದಲೂ ಆ ಸಾಲಿನೊಳಗೆ ಇದ್ನಾ, ಇಲ್ಲಾ ಇವತ್ತು ಇವರು ಸೇರಿಸಿದ್ರಾ?”

ವಕೀಲೆ ನಿಂತುಬಿಟ್ಟಳು. “ಇದ್ರಿ ಅಂತಲೇ ವಾದ ಮಾಡ್ದೆ. ನಿಜ ಹೇಳ್ಬೇಕಂದ್ರೆ ನಂಗೂ ಗೊತ್ತಿಲ್ಲಮ್ಮ. ಬೇರೆ ಯಾರಾದ್ರೂ ಓದಿದ್ರೆ ಏನಾಗ್ತಿತ್ತೋ.”

ಅಬ್ಬಾ! ಇಂಥದ್ದೊಂದು ಸಾಲನ್ನು ನಂಬಿ ಊರೆಲ್ಲ ಬಾಗಿಲು ಹಾಕಿಕೊಂಡು ನಿಶ್ಚಿಂತೆಯಾಗಿ ಮಲಗುತ್ತದಲ್ಲ! ಅವಳಿಗೆ ಹೆದರಿಕೆಯೂ ಆಯಿತು, ಕೈಮುಗಿಯಬೇಕೆಂದೂ ಅನ್ನಿಸಿತು.

ಮನೆಗೆ ಬಂದವಳೇ ಗಂಟು ಬಿಚ್ಚಿದಳು. ನರ್ಸಕ್ಕನ ಉಣ್ಣೆಯ ಕೋಟು ಟೈಲರಮ್ಮನೇ ಹೊಲಿದುಕೊಟ್ಟದ್ದು. ನರ್ಸಕ್ಕ ಕಡ್ಡಿ, ಇವಳು ಗುಂಡಗೆ. ಹೊಲಿಗೆಯ ಒಳಗೆ ಅಂದು ಧಾರಾಳವಾಗಿ ಬಟ್ಟೆ ಬಿಟ್ಟಿದ್ದಳು. “ಇಷ್ಟ್ಯಾಕೆ ಬಿಡ್ತೀಯೇ, ನಾನೇನು ಈ ಜನ್ಮದಲ್ಲಿ ದಪ್ಪ ಆಗ್ತೀನಾ?” ಎಂದು ನರ್ಸಕ್ಕ ಗೊಣಗಿದ್ದಳು. ಯಾರಿಗೆಂದು ಬಿಟ್ಟಿದ್ದಳೋ, ಆಗ ಟೈಲರಮ್ಮನಿಗೂ ಗೊತ್ತಿರಲಿಲ್ಲ. ಈಗ ಪಕ್ಕದ ಹೊಲಿಗೆ ಬಿಚ್ಚಿ, ಅಗಲ ಮಾಡಿ, ಮತ್ತೆ ಹೊಲಿದು ತೊಟ್ಟುಕೊಂಡಳು. ಗುಂಡಿ ಸಲೀಸಾಗಿ ಕೂತಿತು. ಅಲ್ಲಿಯವರೆಗೆ ಬಾರದಿದ್ದ ಅಳು ಆಗ ಬಂತು.