ನಜೀರ್ ಸಾಬರ ಬೆಂಚಿನ ಕೆಳಗಿದ್ದ ಹ್ಯಾಂಡಲ್

ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟರಾಗಿದ್ದ ನಜೀರ್ ಸಾಬರದು ಒಂದು ಪದ್ಧತಿ. ಶಿವಮೊಗ್ಗದ ಬಸ್ಸು ತಡವಾದರೆ ಸೊರಬದ ಬಸ್ಸಿನ ಹ್ಯಾಂಡಲ್ ತಂದು ತಮ್ಮ ಬೆಂಚಿನ ಕೆಳಗೆ ಇಟ್ಟುಬಿಡುತ್ತಿದ್ದರು. ಆ ಕಬ್ಬಿಣ ಹಾಕಿ ತಿರುಗಿಸದೆ ಇಂಜಿನ್ ಶುರುವಾಗದ ಕಾಲ ಅದು. ಡ್ರೈವರ್ ಗೊಣಗಲಿ, ಮಾಲೀಕರೇ ಬೈಯಲಿ, ಬರಬೇಕಾದವರು ಬಂದು ಹತ್ತಿದ ಮೇಲೇ ಹ್ಯಾಂಡಲ್ ಹೊರಗೆ.

ಐವತ್ತೆಂಟನೇ ಇಸವಿಯ ಒಂದು ಬೆಳಿಗ್ಗೆ ಆ ಬಸ್ಸಿನ ಮುಂದಿನ ಸೀಟು ಹಿಡಿದು ಕೂತವನು ನಾನು, ಶಾಲೆ ಮೇಷ್ಟ್ರು ವೀರಬಸಪ್ಪ. ಸೊರಬದಲ್ಲಿ ನೆಂಟರ ಮದುವೆ. ಮೊದಲ ಪಂಕ್ತಿಯಲ್ಲೇ ಕೂತು ಹೋಳಿಗೆ ಹೊಡೆಯಬೇಕೆನ್ನುವ ಹಾಳು ಚಪಲ.

ಅಷ್ಟರಲ್ಲಿ ಶಿವಮೊಗ್ಗದ ಕಡೆಯಿಂದ ಬಂದ ಲಾರಿಯವನು ಸುದ್ದಿ ಹೇಳಿದ. ಶಿವಮೊಗ್ಗದ ಬಸ್ಸು ಟೈರು ಒಡೆದು ದಾರಿಯಲ್ಲಿ ನಿಂತಿದೆ.

"ಒಂದು ತಾಸು ತಡೀರಿ ಮೇಷ್ಟ್ರೇ," ಎಂದರು ಸಾಬರು. "ಸೊರಬದ ಆಚೆ ಜಡೆ ಊರಿನ ತಾಯಮ್ಮ ಅದ್ರಾಗೆ ಅದಾರಂತೆ. ಅಪ್ಪಂಗೆ ಕಡೆಗಾಲ. ಬಸ್ ನಿಲ್ಸಿ ಅಂತ ಕೈಮುಗಿದು ಹೇಳಿ ಕಳ್ಸ್ಯಾರೆ."

"ನಿಮ್ದು ದಿನಾ ಇದೇ ರಾಮಾಯಣ ಆತಲ್ರೀ ಸಾಬ್ರೇ! ಮದುವೆ ಊಟದ ಮೊದಲ್ನೇ ಪಂಕ್ತಿ ತಪ್ಪಿ ಹೋಗ್ತದೆ!" ಎಂದು ರೇಗಿದೆ.

ಅವರು ಬಸ್ಸು ಕಾಣುತ್ತದೇನೋ ನೋಡಲು ರಸ್ತೆಯ ತಿರುವಿನ ತನಕ ಹೋದರು. ನಾನು ಸುಮ್ಮನಿರಬಾರದಿತ್ತೇ? ಇಳಿದೆ, ಬೆಂಚಿನ ಕೆಳಗೆ ಕೈಹಾಕಿದೆ, ಹ್ಯಾಂಡಲ್ ತೆಗೆದು ಡ್ರೈವರನ ಕೈಗಿಟ್ಟೆ. "ಸಾಬ್ರು ಹೊರಡು ಅಂದ್ರು ಕಣಯ್ಯ" ಎಂದೆ. ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಪಾಠ ಮಾಡುವ ಬಾಯಿ ಇದು, ಥೂ!

ಸೊರಬದಲ್ಲಿ ನಾಲ್ಕು ಹೋಳಿಗೆ ತಿಂದೆ.

ತಾಯಮ್ಮ ಬಂದಾಗ ಸ್ಟ್ಯಾಂಡು ಖಾಲಿ. ಸಾಬರು ಏಜೆನ್ಸಿಗೆ ಬೀಗ ಹಾಕಿ, ಗಿರಣಿಯ ಲಾರಿಯೊಂದನ್ನು ಕಾಡಿ ಬೇಡಿ ಹಿಡಿದು, ಹೆಂಗಸು ಒಬ್ಬಳೇ ಹೇಗೆ ಹೋದಾಳೆಂದು ತಾವೂ ಹತ್ತಿ ಜಡೆಗೆ ಹೋದರಂತೆ. ಮುಟ್ಟುವಾಗ ಸಂಜೆ. ಅಪ್ಪ ಮಧ್ಯಾಹ್ನದ ತನಕ "ಮಗಳು ಬಂದ್ಲಾ" ಎಂದು ಕೇಳುತ್ತಲೇ ಇದ್ದು ಪ್ರಾಣ ಬಿಟ್ಟಿದ್ದರು.

ಮಾರನೆಯ ದಿನ ಇದನ್ನೆಲ್ಲ ನನಗೆ ಹೇಳಿದವನು ಡ್ರೈವರ್. ತಪ್ಪೊಪ್ಪಿಕೊಳ್ಳೋಣವೆಂದು ಸಾಬರ ಮುಂದೆ ಹೋಗಿ ನಿಂತೆ. ಹ್ಯಾಂಡಲ್ ತೆಗೆದವರು ಯಾರೆಂದು ಡ್ರೈವರನಿಂದ ಅವರಿಗೆ ಆಗಲೇ ಗೊತ್ತಾಗಿತ್ತು. ಬೈದಿದ್ದರೆ, ಕೆನ್ನೆಗೆ ಎರಡು ಬಿಟ್ಟಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಬೆಂಚಿನ ಮೇಲೆ ಸ್ವಲ್ಪ ಸರಿದು ನನಗೆ ಜಾಗ ಮಾಡಿಕೊಟ್ಟರು.

"ಮೊದಲ್ನೇ ಪಂಕ್ತಿ ಸಿಕ್ತೇನ್ರೀ ಮೇಷ್ಟ್ರೇ?"

ಪಕ್ಕದಲ್ಲಿ ಕೂತೆ.

"ಸಿಕ್ತು," ಎಂದೆ.