ಅಂಜಲೈ ಬಾಯಿ ಬಿಡದ ಸಭೆ

ಚೆನ್ನೈನ ರಾಯಪುರಂನಲ್ಲಿ ನಮ್ಮ ಬೀದಿಗೆ ಅಂಜಲೈ ಬಾಡಿಗೆಗೆ ಬಂದು ಆರು ವರ್ಷವಾಗಿತ್ತು. ಅದಕ್ಕೂ ಮೊದಲು ಅವಳು ಬಂದರಿನ ಗೋಡೆಯ ಪಕ್ಕದ ಫುಟ್‌ಪಾತಿನಲ್ಲೇ ಬೆಳೆದವಳೆಂದು ನನಗೊಬ್ಬಳಿಗೇ ಗೊತ್ತಿತ್ತು. ತಾಯಿ ತೀರಿದ ಮೇಲೆ ಅವಳನ್ನು ಸಾಕಿದ ಕುಪ್ಪಮ್ಮಾಳ್ ಅತ್ತೆ ಇನ್ನೂ ಬಂದರಿನಲ್ಲಿ ಗಿರಾಕಿಗಳಿಗೆ ಮೀನು ಕೊಯ್ದು ಕೊಟ್ಟು, ಅಲ್ಲೇ ಮಲಗುತ್ತಿದ್ದಳು.

ಫುಟ್‌ಪಾತಿನವರಿಗೆ ತಾತ್ಕಾಲಿಕ ವಸತಿ ಮಾಡಲು ನಮ್ಮ ಬೀದಿಯ ಮುಚ್ಚಿದ ಶಾಲೆಯನ್ನು ನೋಡಿಕೊಂಡು ಹೋಗಲು ಅಧಿಕಾರಿಯೊಬ್ಬರು ಬಂದರು. ಜನ ಮುತ್ತಿಕೊಂಡರು.

“ಹೆಣ್ಣುಮಕ್ಕಳಿರೋ ಬೀದಿ ಮೇಡಂ. ಕಂಡಕಂಡವರನ್ನೆಲ್ಲ ತಂದು ಇಲ್ಲಿ ಗುಡ್ಡೆ ಹಾಕ್ತೀರಾ?” ಎಂದು ಇಸ್ತ್ರಿ ಅಂಗಡಿಯ ಧನಪಾಲ್ ಕೂಗಾಡಿದ.

“ನೀವೇನಂತೀರಮ್ಮ?” ಎಂದು ಅಧಿಕಾರಿ ಅಂಜಲೈಯನ್ನು ಕೇಳಿದರು.

ಅವಳ ಮನೆಯೊಡತಿ ಪಕ್ಕದಲ್ಲೇ ನಿಂತಿದ್ದಳು. “ಎಲ್ಲರೂ ಹೇಳಿದ ಹಾಗೇ,” ಎಂದಳು ಅಂಜಲೈ. ನಾನೂ ತುಟಿ ಬಿಚ್ಚಲಿಲ್ಲ.

ಕಡೆಗೆ ಊರಾಚೆ, ಕಸದ ಗುಡ್ಡದ ಹಿಂದೆ ಜಾಗ ಗೊತ್ತುಪಡಿಸಿದರು. ವ್ಯಾನ್ ಬಂದ ಬೆಳಿಗ್ಗೆ ಅಂಜಲೈ ಇಡ್ಲಿ ಕಟ್ಟಿಕೊಂಡು ಓಡಿದಳು. ನಾನೂ ಹೋದೆ.

“ಅಲ್ಲಿ ಯಾರ ಮೀನು ಕೊಯ್ದು ಕೊಟ್ಟು ಹೊಟ್ಟೆ ಹೊರೀಲಿ?” ಎಂದ ಅತ್ತೆ, ಅವಳ ಗಲ್ಲ ಸವರಿದಳು. “ನಿಮ್ಮ ಬೀದೀಲೇ ಕೊಡ್ತಾರೆ ಅಂದಿದ್ರು. ನೀನು ನಮಗೋಸ್ಕರ ಜಗಳಾನೇ ಆಡಿರ್ತೀಯ ಬಿಡು. ನಿನ್ನ ಮಾತು ಯಾರು ಕೇಳ್ತಾರೆ ಮಗಳೇ?”

ಅಂಜಲೈ ಇಡ್ಲಿ ಪೊಟ್ಟಣವನ್ನು ಅವಳ ಮಡಿಲಿಗಿಟ್ಟು ತಲೆ ತಗ್ಗಿಸಿದಳು.

ಮಾರನೆಯ ತಿಂಗಳು, ಆದದ್ದಾಗಲಿ ಎಂದು ಅತ್ತೆಯನ್ನು ತನ್ನ ಕೋಣೆಗೇ ಕರೆತರಲು ಹೋದಳು. ಕಸದ ಗುಡ್ಡದ ಹಿಂದಿನ ಆ ಜಾಗಕ್ಕೆ ಹೋದ ವಾರಕ್ಕೇ ಅತ್ತೆ ಅಲ್ಲಿಂದ ನಡೆದು ಹೊರಟುಹೋಗಿದ್ದಳಂತೆ. ಎಲ್ಲಿಗೆಂದು ಯಾರೂ ಕೇಳಿರಲಿಲ್ಲ. ಭಾನುವಾರಗಳಲ್ಲಿ ನಾವಿಬ್ಬರೂ ಈಗಲೂ ಹುಡುಕುತ್ತೇವೆ.